ಪಥ್ಯ: ದಾರಿ ಬಿಡದ ಊಟ

“ಪಥ್ಯ ಏನಾದ್ರೂ ಇದೆಯಾ ಡಾಕ್ಟ್ರೇ?” ಔಷಧಿ ಚೀಟಿ ಕೈಗೆ ಬಂದ ಕೂಡಲೇ ನಮ್ಮ ಜನ ಕೇಳುವ ಪ್ರಶ್ನೆ ಇದು. ಉತ್ತರವಾಗಿ ಅವರು ನಿರೀಕ್ಷಿಸುವುದು ‘ಬೇಡ’ಗಳ ಪಟ್ಟಿಯನ್ನು: ಎಣ್ಣೆ ಬೇಡ, ಖಾರ ಬೇಡ, ಬದನೆಕಾಯಿ ಬೇಡ. ಇದೇ ಪದ ಪತ್ರಿಕೆಯ ರಾಜಕೀಯ ಪುಟಕ್ಕೆ ಹೋದರೆ ಅರ್ಥವೇ ಬೇರೆ. ವರಿಷ್ಠರ ತೀರ್ಮಾನ ಭಿನ್ನಮತೀಯರಿಗೆ ಪಥ್ಯವಾಗಲಿಲ್ಲ ಎಂದು ಬರೆದರೆ, ಅದು ಅವರ ಮನಸ್ಸಿಗೆ ಹಿಡಿಸಲಿಲ್ಲ ಎಂದು ತಿಳಿಯುತ್ತೇವೆ. ಅಡುಗೆಮನೆಯಲ್ಲಿ ರುಚಿ ಬಿಟ್ಟದ್ದು ಪಥ್ಯ, ಪತ್ರಿಕೆಯಲ್ಲಿ ರುಚಿಸಿದ್ದು ಪಥ್ಯ. ತೂಕ ಇಳಿಸುವ ಬಗೆಯ ಕುರಿತು ಮನೆಮನೆಯಲ್ಲೂ ವಾದ ನಡೆಯುತ್ತಿರುವ ಈ ಕಾಲದಲ್ಲಿ ಪದದ ಈ ಎರಡು ಮುಖಗಳನ್ನು ಒಟ್ಟಿಗೆ ನೋಡಬೇಕು ಎಂದು ನನಗೆ ಅನ್ನಿಸುತ್ತದೆ.

ಪದದ ಬೇರು ‘ಪಥ’, ಅಂದರೆ ದಾರಿ. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಧರ್ಮ, ಪಥ, ಅರ್ಥ, ನ್ಯಾಯ ಈ ನಾಲ್ಕಕ್ಕೂ ಒಂದೇ ಪ್ರತ್ಯಯ ಹೇಳುವ ಸೂತ್ರವಿದೆ. ಧರ್ಮವನ್ನು ಬಿಟ್ಟು ಹೋಗದ್ದು ಧರ್ಮ್ಯ, ನ್ಯಾಯವನ್ನು ಬಿಟ್ಟು ಹೋಗದ್ದು ನ್ಯಾಯ್ಯ, ದಾರಿಯನ್ನು ಬಿಟ್ಟು ಹೋಗದ್ದು ಪಥ್ಯ. ಛಂದಸ್ಸಿನವರೂ ಇದನ್ನು ಬಳಸಿಕೊಂಡರು: ಅನುಷ್ಟುಪ್ ಶ್ಲೋಕದ ರೂಢಿಯ ನಡೆಗೆ ‘ಪಥ್ಯಾ’ ಎಂದೂ ಅದನ್ನು ಮೀರಿದ ನಡೆಗೆ ‘ವಿಪುಲಾ’ ಎಂದೂ ಹೆಸರು. ಅಳಲೆಕಾಯಿಗೂ ಸಂಸ್ಕೃತದಲ್ಲಿ ಪಥ್ಯಾ ಎಂಬ ಹೆಸರುಂಟು.

ವೈದ್ಯದಲ್ಲಿ ಈ ಪದಕ್ಕೆ ಲಕ್ಷಣ ಕೊಟ್ಟದ್ದು ಚರಕಸಂಹಿತೆ. ಅಲ್ಲಿ ಎರಡು ಮಾತುಗಳಿವೆ. ದೇಹದೊಳಗಿನ ದಾರಿಗಳಿಗೆ ಕೆಡುಕು ಮಾಡಬಾರದು, ಇದು ಮೊದಲನೆಯದು. ಮನಸ್ಸಿಗೂ ಪ್ರಿಯವಾಗಿರಬೇಕು, ಇದು ಎರಡನೆಯದು. ಈ ಎರಡನೆಯ ಮಾತು ನಮ್ಮ ಅಡುಗೆಮನೆಯಿಂದ ಕಣ್ಮರೆಯಾಗಿದೆ. ಆದರೆ ‘ಪಥ್ಯವಾಗು’ ಎಂಬ ಕನ್ನಡದ ನುಡಿಗಟ್ಟಿನಲ್ಲಿ ಅದು ಇಂದಿಗೂ ಉಸಿರಾಡುತ್ತಿದೆ.

ಯಾವ ಊಟ ಪಥ್ಯ ಎಂಬ ಜಗಳ ಕನ್ನಡನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ ಉಗ್ರಾದಿತ್ಯನೆಂಬ ಜೈನ ವೈದ್ಯ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ಗ್ರಂಥ ಬರೆದ. ಮಾಂಸಾಹಾರದಿಂದ ಪ್ರಯೋಜನವಿಲ್ಲವೆಂದು ನೃಪತುಂಗನ ಆಸ್ಥಾನದಲ್ಲಿ ವಾದಿಸಿದ್ದನ್ನು ಅದರ ಕೊನೆಯಲ್ಲಿ ಸೇರಿಸಿದ್ದಾನೆ. ಆ ಪ್ರಕರಣಕ್ಕೆ ‘ಹಿತಾಹಿತ’ ಎಂಬ ಹೆಸರು. ಕೀಟೋ ಒಳ್ಳೆಯದೋ ಸಸ್ಯಾಹಾರ ಒಳ್ಳೆಯದೋ ಎಂದು ಇಂದು ಜಿಮ್ಮಿನ ಬಾಗಿಲಲ್ಲಿ ನಿಂತು ವಾದಿಸುವವರಿಗೆ ನೃಪತುಂಗನ ರಾಜಧಾನಿ ಮಾನ್ಯಖೇಟದಲ್ಲೇ ಪೂರ್ವಜರಿದ್ದರು.

ಪಥ್ಯವೆಂದರೆ ಕಡಿಮೆ ಉಣ್ಣುವುದು ಎಂಬ ಅರ್ಥವೂ ಹಿಂದೆ ಇರಲಿಲ್ಲ. ಬಾಣಂತಿ ಪಥ್ಯವನ್ನೇ ನೋಡಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ತುಪ್ಪ, ಉತ್ತರ ಕರ್ನಾಟಕದ ಮನೆಗಳಲ್ಲಿ ಅಂಟಿನ ಉಂಡೆ: ಇದೆಲ್ಲ ಸೊರಗಿದ ಮೈಯನ್ನು ತುಂಬಿಸುವ ಪಥ್ಯ. ಬಾಣಂತಿಗೆ ನೀರು ಕೊಡಬಾರದು, ಹಣ್ಣು ಕೊಡಬಾರದು ಎಂಬ ಕಟ್ಟಳೆಗಳೂ ಅದರ ಜೊತೆಗೇ ಬಂದವು, ಅವುಗಳಿಂದ ತಾಯಂದಿರು ನರಳಿದ್ದೂ ನಿಜ. ಕಾಮಾಲೆಗೆ ಮದ್ದು ಕೊಡುವ ನಾಟಿ ವೈದ್ಯರು ಉಪ್ಪು, ಎಣ್ಣೆ ಬಿಡಿಸಿದರು. ಹೀಗೆ ಬಿಡಿಸುವ ಮಾತೇ ಬಲಿಯುತ್ತಾ ಹೋಗಿ ಪಥ್ಯವೆಂದರೆ ಶಿಕ್ಷೆ ಎಂಬಲ್ಲಿಗೆ ಬಂದು ನಿಂತಿತು.

‘ಡಯಟ್’ ಪದವೂ ಇಂಥದೇ ಹಾದಿ ತುಳಿದಿದೆ. ಗ್ರೀಕರ ‘ದಿಯೈಟಾ’ ಎಂದರೆ ಬದುಕುವ ಕ್ರಮ. ಊಟದ ಜೊತೆಗೆ ನಿದ್ದೆ, ಸ್ನಾನ, ನಡಿಗೆಯನ್ನೂ ಹಿಪಾಕ್ರಟೀಸನ ಪರಂಪರೆಯ ವೈದ್ಯರು ಅದರಲ್ಲಿ ಸೇರಿಸುತ್ತಿದ್ದರು. ಅದು ತೂಕಕ್ಕೆ ಕಟ್ಟುಬೀಳುವುದರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್‌ನ ಪಾತ್ರ ದೊಡ್ಡದು. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ವೃತ್ತಿ. 5 ಅಡಿ 5 ಅಂಗುಲದ ಆಳು, ತೂಕ 202 ಪೌಂಡ್, ಅಂದರೆ ಸುಮಾರು 92 ಕಿಲೊ. 1862ರಲ್ಲಿ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯ ಅವನಿಗೆ ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರ್ ಬಿಡಿಸಿದ. ತೂಕ ಇಳಿಯಿತು. 1863ರಲ್ಲಿ ಬ್ಯಾಂಟಿಂಗ್ ಸಾರ್ವಜನಿಕರಿಗೆ ಪತ್ರದ ರೂಪದಲ್ಲಿ ಒಂದು ಕಿರುಹೊತ್ತಗೆ ಅಚ್ಚು ಹಾಕಿಸಿ ಹಂಚಿದ. ಅವನ ಹೆಸರೇ ಕ್ರಿಯಾಪದವಾಯಿತು. ಸ್ವೀಡನ್ನಿನವರು ತೂಕ ಇಳಿಸುವುದಕ್ಕೆ ಇಂದಿಗೂ ‘ಬಾಂಟಾ’ ಎನ್ನುತ್ತಾರೆ. ಕನ್ನಡದಲ್ಲಿ ಈಗ ರೋಗಿ ಪಥ್ಯ ಮಾಡುತ್ತಾನೆ, ತೂಕ ಇಳಿಸುವವನು ಡಯಟ್ ಮಾಡುತ್ತಾನೆ. ಎರಡಕ್ಕೂ ಆರಂಭದ ದಿನ, ಮುಗಿಯುವ ದಿನ ಇರುತ್ತವೆ. ಮುಗಿದ ಮರುದಿನ ಹಳೆಯ ಊಟ, ಅದರ ಹಿಂದೆಯೇ ಹಳೆಯ ತೂಕ.

ಹಾಗಾದರೆ ಯಾವ ಪದ್ಧತಿ ಕೆಲಸ ಮಾಡುತ್ತದೆ? 2005ರಲ್ಲಿ ಅಮೆರಿಕದ ಒಂದು ಅಧ್ಯಯನ 160 ಜನರನ್ನು ಹೆಸರಾಂತ ನಾಲ್ಕು ಡಯಟ್‌ಗಳಿಗೆ ಹಂಚಿ ಒಂದು ವರ್ಷ ನೋಡಿತು. ಯಾವ ಡಯಟ್ ಎನ್ನುವುದಕ್ಕಿಂತ ಅದನ್ನು ಎಷ್ಟು ನಿಷ್ಠೆಯಿಂದ ನಡೆಸಿಕೊಂಡು ಹೋದರು ಎನ್ನುವುದೇ ತೂಕದ ಇಳಿತವನ್ನು ನಿರ್ಧರಿಸಿತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್ನರ್ ತಂಡ 609 ಜನರಲ್ಲಿ ಅರ್ಧದಷ್ಟು ಮಂದಿಗೆ ಕೊಬ್ಬು ತಗ್ಗಿಸಿತು, ಉಳಿದವರಿಗೆ ಪಿಷ್ಟ ತಗ್ಗಿಸಿತು. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕಿಲೊ, ಎರಡನೆಯದು 6 ಕಿಲೊ ಇಳಿದಿತ್ತು. ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಲ್ಲ ಅದು. ಎರಡೂ ಗುಂಪಿನವರಿಗೆ ಸಕ್ಕರೆ, ಮೈದಾ ತಗ್ಗಿಸಿ ತರಕಾರಿ ಹೆಚ್ಚಿಸಲು ಹೇಳಲಾಗಿತ್ತು. ಮನಸ್ಸು ಒಪ್ಪದ ಊಟವನ್ನು ಮೈ ಬಹುಕಾಲ ಹೊರಲಾರದು. ಚರಕಸಂಹಿತೆಯ ಲಕ್ಷಣದಲ್ಲಿ ಮನಸ್ಸಿಗೇಕೆ ಜಾಗ ಎಂಬುದು ನನಗೆ ಅರ್ಥವಾದದ್ದು ಈ ಅಂಕಿಗಳ ಮುಂದೆ. ಅರ್ಧಕ್ಕೇ ಡಯಟ್ ಬಿಟ್ಟವರನ್ನು ಛಲವಿಲ್ಲದವರು ಎಂದು ಹಂಗಿಸುವುದು ಅನ್ಯಾಯ. ಒಗ್ಗದ ಊಟ ಬರೆದುಕೊಟ್ಟವರನ್ನೂ ಕೇಳಬೇಕಲ್ಲವೇ?

ಸ್ಥೂಲದೇಹಿಗಳಿಗೆ ಎಂಥ ಊಟ ಕೊಡಬೇಕೆಂದೂ ಆ ಸಂಹಿತೆ ಹೇಳುತ್ತದೆ: ಹೊಟ್ಟೆಗೆ ಭಾರವಾಗಿರಬೇಕು, ಮೈಗೆ ಕೊಬ್ಬು ಕೂಡಿಸಬಾರದು. ಜವೆಗೋಧಿ, ನವಣೆ, ಹಾರಕ, ಹೆಸರು, ಹುರುಳಿ, ಮಜ್ಜಿಗೆ ಅದರ ಪಟ್ಟಿಯಲ್ಲಿವೆ. ನಾರು ಹೆಚ್ಚಿರುವ ಕಾಳು ಬೇಗ ಹೊಟ್ಟೆ ತುಂಬಿಸುತ್ತದೆ ಎಂದು ಇಂದಿನ ಆಹಾರತಜ್ಞರು ಹೇಳುವುದೂ ಇದನ್ನೇ. ಅಲ್ಲಿರುವುದೆಲ್ಲ ಇಂದಿಗೂ ಸರಿ ಎನ್ನಲಾರೆ. ತೂಕ ಇಳಿಯಲು ಜಾಗರಣೆಯನ್ನೂ ಅದು ಸೂಚಿಸುತ್ತದೆ. ನಿದ್ದೆಗೆಟ್ಟರೆ ಹಸಿವು ಏರುತ್ತದೆ ಎಂದು ನಮಗೀಗ ಗೊತ್ತಿದೆ.

ಅದರ ಇನ್ನೊಂದು ಸಲಹೆ ಮಾತ್ರ ಬಲು ಉಪಯುಕ್ತ. ರೂಢಿಯಾದ ಅಹಿತವನ್ನು ಒಮ್ಮೆಗೇ ಬಿಡದೆ ಕಾಲುಭಾಗ, ಕಾಲುಭಾಗವಾಗಿ ಬಿಡಬೇಕು, ಹಿತವಾದದ್ದನ್ನು ಅಷ್ಟಷ್ಟೇ ತುಂಬಬೇಕು. ತಟ್ಟೆಯ ತುಂಬ ಅನ್ನ ಉಣ್ಣುವವರು ಮೊದಲಿಗೆ ಕಾಲುಭಾಗ ತಗ್ಗಿಸಿ ಆ ಜಾಗಕ್ಕೆ ಹೆಸರುಕಾಳಿನ ಉಸಲಿಯನ್ನೋ ಸೊಪ್ಪಿನ ಪಲ್ಯವನ್ನೋ ಹಾಕಿಕೊಳ್ಳಬಹುದು. ಅದು ನಾಲಿಗೆಗೆ ಒಗ್ಗಿದ ಮೇಲೆ ಇನ್ನೊಂದು ಕಾಲುಭಾಗ.