ಅಂಗಡಿ ಕ್ಯಾಲೆಂಡರ್ ಚಿತ್ರಕ್ಕೂ ಚರಿತ್ರೆ ಇದೆ ಎಂದವರು: ಯಾರು ಈ ಜ್ಯೋತೀಂದ್ರ ಜೈನ್?

ಹೊಸ ವರ್ಷ ಬಂತು ಅಂದ್ರೆ ಅಂಗಡಿಯವರು ಗಿರಾಕಿಗಳಿಗೆ ಲಕ್ಷ್ಮಿ, ಗಣಪತಿ ಇರೋ ಕ್ಯಾಲೆಂಡರ್ ಕೊಡ್ತಾರೆ. ಡಿಸೆಂಬರ್ ಮುಗಿದ ಮೇಲೆ ತಾರೀಖಿನ ಹಾಳೆ ರದ್ದಿಗೆ ಹೋಗುತ್ತೆ. ದೇವರ ಚಿತ್ರ ಮಾತ್ರ ಕತ್ತರಿಸಿ ಗೋಡೆಗೆ ಅಂಟಿಸುವ ಮನೆಗಳು ಈಗಲೂ ಇವೆ. ಆದರೆ ಆ ಚಿತ್ರ ಬರೆದವರು ಯಾರು ಅಂತ ಯಾರೂ ಕೇಳಲ್ಲ. ಇಂಥ ಚಿತ್ರಗಳನ್ನು, ಅವನ್ನು ಬರೆಯುವ ಕೈಗಳನ್ನು ಹುಡುಕುವುದನ್ನೇ ಜೀವನದ ಕೆಲಸ ಮಾಡಿಕೊಂಡವರು ಜ್ಯೋತೀಂದ್ರ ಜೈನ್.

ಇವರು ವಿದ್ವಾಂಸರೂ ಹೌದು, ಕ್ಯುರೇಟರ್ ಕೂಡ. ಕ್ಯುರೇಟರ್ ಅಂದರೆ ಮ್ಯೂಸಿಯಂನಲ್ಲಿ ಏನಿಡಬೇಕು, ಯಾವುದರ ಪಕ್ಕ ಯಾವುದಿರಬೇಕು ಅಂತ ತೀರ್ಮಾನಿಸಿ, ಅದರ ಕಥೆಯನ್ನು ಜನರಿಗೆ ತಿಳಿಯುವಂತೆ ಹೇಳುವವರು. ಆಸ್ಟ್ರಿಯಾದ ವಿಯೆನ್ನಾದಲ್ಲಿ ಓದಿ ಡಾಕ್ಟರೇಟ್ ಪಡೆದ ಜೈನ್, ಮೊದಲು ಗುಜರಾತಿನ ಜನಪದ ಕಲೆ, ರಾಠ್ವಾ ಆದಿವಾಸಿಗಳ ಗೋಡೆ ಚಿತ್ರಗಳ ಬಗ್ಗೆ ಕೆಲಸ ಮಾಡಿದರು. 1984ರಲ್ಲಿ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ, ಅಂದರೆ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯದ ಹೊಣೆ ಅವರಿಗೆ ಬಂತು. 2001ರವರೆಗೂ ಅಲ್ಲೇ ಇದ್ದರು.

ಈ ಮ್ಯೂಸಿಯಂಗೂ ಕರ್ನಾಟಕಕ್ಕೂ ನಂಟಿದೆ. ಸ್ವಾತಂತ್ರ್ಯ ಬಂದ ಮೇಲೆ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ, ಈ ಸಂಗ್ರಹಕ್ಕೆ ಬುನಾದಿ ಹಾಕಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಉಡುಪಿ ಕಡೆಯ ಮೆಕ್ಕೆಕಟ್ಟಿನ ಹಳೇ ಮರದ ಭೂತಗಳೂ ಅಲ್ಲಿವೆ, ಆಳೆತ್ತರದವು.

ಜೈನ್ ಬರುವ ಹೊತ್ತಿಗೆ ಇಂಥ ಮ್ಯೂಸಿಯಂಗಳಲ್ಲಿ ಒಂದು ಅಭ್ಯಾಸ ಬೇರೂರಿತ್ತು. ದೊಡ್ಡ ಪೇಂಟರ್ ಚಿತ್ರದ ಕೆಳಗೆ ಹೆಸರು ಇರುತ್ತೆ. ಹಳ್ಳಿಯವರು ಮಾಡಿದ್ದಕ್ಕೆ 'ಮಧುಬನಿ ಚಿತ್ರ, ಬಿಹಾರ' ಅಂತ ಒಂದು ಚೀಟಿ, ಅಷ್ಟೇ. ಮಾಡಿದವರಿಗೆ ಊರು ಉಂಟು, ಜಾತಿ ಉಂಟು, ಹೆಸರಿಲ್ಲ! ಜೈನ್ ತಕರಾರು ಇದ್ದದ್ದು ಇಲ್ಲೇ. ಸಂಪ್ರದಾಯದಿಂದ ಬಂದ ಕಲಾವಿದರಿಗೂ ಸ್ವಂತ ತಲೆ, ಸ್ವಂತ ಬದುಕು, ಸ್ವಂತ ಶೈಲಿ ಇದೆ ಅನ್ನುವುದು ಅವರ ವಾದ.

ಇದಕ್ಕೆ ಗಂಗಾದೇವಿ ಅವರ ಉದಾಹರಣೆ ಸಾಕು. ಬಿಹಾರದ ಮಿಥಿಲಾ ಭಾಗದ ಹೆಂಗಸರು ಮದುವೆ ಸಮಯದಲ್ಲಿ ವಧೂವರರ ಕೋಣೆಯ ಗೋಡೆಗೆ ಚಿತ್ರ ಬರೆಯುತ್ತಾರೆ. ಆ ಕೋಣೆಗೆ ಕೋಹಬರ್ ಘರ್ ಅಂತ ಹೆಸರು. 60ರ ದಶಕದ ಬರಗಾಲದಲ್ಲಿ ಸರ್ಕಾರದ ಕಡೆಯಿಂದ ಕಾಗದ ಹಂಚಿ, ಇದನ್ನೇ ಕಾಗದದ ಮೇಲೆ ಬರೆಯಿರಿ, ನಾಲ್ಕು ಕಾಸು ಸಿಗುತ್ತೆ ಅಂದರು. ಹಾಗೆ ಹೊರಗೆ ಬಂದವರಲ್ಲಿ ಗಂಗಾದೇವಿ ಒಬ್ಬರು. ಗಂಡ ಇನ್ನೊಂದು ಮದುವೆಯಾಗಿ ಇವರನ್ನು ಬಿಟ್ಟಿದ್ದ. ಮುಂದೆ ಪದ್ಮಶ್ರೀ ಬಂತು, ಅಮೆರಿಕಕ್ಕೂ ಹೋಗಿ ಬಂದರು. ಅಲ್ಲಿ ಕಂಡ ರೋಲರ್ ಕೋಸ್ಟರನ್ನು ಮಿಥಿಲಾ ಗೆರೆಯಲ್ಲೇ ಬರೆದರು. ಕ್ಯಾನ್ಸರ್ ಆಗಿ ದೆಹಲಿಯಲ್ಲಿ ಚಿಕಿತ್ಸೆ ಪಡೆದಾಗ ಆಸ್ಪತ್ರೆಯ ಕಷ್ಟವನ್ನೂ ಚಿತ್ರ ಮಾಡಿದರು. ಸಂಪ್ರದಾಯ ಅಂದರೆ ಅಜ್ಜಿ ಬರೆದದ್ದನ್ನೇ ತಿದ್ದೋದು ಅಂದುಕೊಂಡವರಿಗೆ ಇದಕ್ಕಿಂತ ಉತ್ತರ ಬೇಕಾ?

ಕಾಯಿಲೆಯ ನಡುವೆಯೇ ಅವರು ಕ್ರಾಫ್ಟ್ಸ್ ಮ್ಯೂಸಿಯಂನ ಒಂದು ಕೋಣೆಯ ಗೋಡೆಗಳ ಮೇಲೆ ಇಡೀ ಕೋಹಬರ್ ಘರ್ ಬರೆದುಕೊಟ್ಟರು. 1991ರಲ್ಲಿ ತೀರಿಕೊಂಡರು. 1997ರಲ್ಲಿ ಜೈನ್ ಬರೆದ ಗಂಗಾದೇವಿ ಕುರಿತ ಪುಸ್ತಕ ಬಂತು.

ಮರುವರ್ಷ ಅವರು 'ಅದರ್ ಮಾಸ್ಟರ್ಸ್' ಎಂಬ ಪ್ರದರ್ಶನ ಮಾಡಿದರು. 'ಇನ್ನಿತರ ಮಹಾನ್ ಕಲಾವಿದರು' ಅಂತ ಅರ್ಥ. ಐದೇ ಜನ. ಗಂಗಾದೇವಿ, ವಾರ್ಲಿ ಚಿತ್ರದ ಜಿವ್ಯಾ ಸೋಮ ಮಶೆ, ಗೊಂಡ ಸಮುದಾಯದ ಜನಗಢ್ ಸಿಂಗ್ ಶ್ಯಾಮ್, ಮಣಿಪುರದ ಮಡಕೆ ಕಲಾವಿದೆ ನೀಲಮಣಿ ದೇವಿ, ಮಣ್ಣಿನಲ್ಲಿ ಮನೆಯನ್ನೇ ಶಿಲ್ಪ ಮಾಡಿದ ಛತ್ತೀಸ್‌ಗಢದ ಸೋನಾಬಾಯಿ. ಹೆಸರು ಹಿಡಿದೇ ತೋರಿಸಿದರು.

ವ್ಯಾಪಾರಿಗಳಿಗೆ ಹತ್ತಿರ ಆಗೋದು ಜೈನ್ ಅವರ ಇನ್ನೊಂದು ಕೆಲಸ. 1999ರಲ್ಲಿ ಕಾಳಿಘಾಟ್ ಚಿತ್ರಗಳ ಮೇಲೆ ಪುಸ್ತಕ ತಂದರು. 19ನೇ ಶತಮಾನದಲ್ಲಿ ಕಲ್ಕತ್ತಾದ ಕಾಳಿ ಗುಡಿ ಹತ್ತಿರ ಯಾತ್ರಿಕರಿಗೆ ಚಿಲ್ಲರೆ ಕಾಸಿಗೆ ಮಾರುತ್ತಿದ್ದ ಚಿತ್ರಗಳು ಇವು. ದೇವರಷ್ಟೇ ಅಲ್ಲ, ಶೋಕಿ ಬಾಬುಗಳು, 1873ರ ತಾರಕೇಶ್ವರ ಕೊಲೆ ಪ್ರಕರಣ ಕೂಡ ಅದರಲ್ಲಿತ್ತು. ಒಂಥರಾ ಆಗಿನ ಲೋಕಲ್ ನ್ಯೂಸ್! ಅಗ್ಗದ ಪ್ರಿಂಟ್ ಬಂದ ಮೇಲೆ ಆ ವ್ಯಾಪಾರ ಕುಸಿಯಿತು.

ಆ ಪ್ರಿಂಟುಗಳನ್ನೂ ಜೈನ್ ಬಿಡಲಿಲ್ಲ. ಕ್ಯಾಲೆಂಡರ್, ಬೆಂಕಿಪೊಟ್ಟಣದ ಚಿತ್ರ, ಬಟ್ಟೆ ಥಾನಿನ ಲೇಬಲ್, ಎಲ್ಲಾ ಸೇರಿಸಿದರು. ಇಂಗ್ಲೆಂಡಿನ ಮಿಲ್‌ಗಳು ಇಲ್ಲಿಗೆ ಕಳಿಸುವ ಬಟ್ಟೆಗೆ ನಮ್ಮ ದೇವರ ಬಣ್ಣದ ಲೇಬಲ್ ಅಂಟಿಸುತ್ತಿದ್ದವು. ಓದು ಬಾರದ ಗಿರಾಕಿಗೆ ಚಿತ್ರವೇ ಟ್ರೇಡ್‌ಮಾರ್ಕ್. ಇಂಥ ಬಜಾರ್ ಚಿತ್ರಗಳ ಪ್ರದರ್ಶನವನ್ನು ಅವರು 2003ರಲ್ಲಿ ಬರ್ಲಿನ್‌ನಲ್ಲಿ ನಡೆಸಿದರು. ಆ ಹೊತ್ತಿಗೆ ಮ್ಯೂಸಿಯಂ ಬಿಟ್ಟು ಜೆಎನ್‌ಯುನಲ್ಲಿ ಪ್ರೊಫೆಸರ್ ಆಗಿದ್ದರು.

ಆದರೆ ಗಂಗಾದೇವಿಯ ಗೋಡೆ ಉಳಿಯಲಿಲ್ಲ. ಮ್ಯೂಸಿಯಂ ನವೀಕರಣದ ವೇಳೆ ಕೋಹಬರ್ ಘರ್ ನಾಶವಾದ ಸುದ್ದಿ 2015ರಲ್ಲಿ ಹೊರಬಿತ್ತು. ಕಲಾವಿದರು, ವಿದ್ವಾಂಸರು ಸಿಟ್ಟಾದರು. ಗೋಡೆ ಚಿತ್ರ ಇನ್ನೊಮ್ಮೆ ಬರೆಸಬಹುದಲ್ವಾ ಅನ್ನೋಣ ಅಂದರೆ, ಬರೆದವರು ಸತ್ತು ಆಗಲೇ 24 ವರ್ಷ ಆಗಿತ್ತು. ಯಾರು ಬರೆದರೇನು, ಎಲ್ಲಾ ಒಂದೇ ಅನ್ನುವ ಹಳೇ ಯೋಚನೆ ಇದ್ದಲ್ಲಿ ಮಾತ್ರ ಹೀಗೆ ನಡೆಯೋಕೆ ಸಾಧ್ಯ.

ದೆಹಲಿಗೆ ಹೋಗುವವರಿಗೆ: ಕ್ರಾಫ್ಟ್ಸ್ ಮ್ಯೂಸಿಯಂ ಇರುವುದು ಪ್ರಗತಿ ಮೈದಾನದ ಬಳಿ, ಹಳೇ ಕೋಟೆ ಪುರಾನಾ ಕಿಲಾ ಹತ್ತಿರದ ಭೈರೋನ್ ಮಾರ್ಗದಲ್ಲಿ.