ಲೋಥಲ್‌ನ ಮೂಳೆ, ಕಾಡುಕೋಳಿಯ ಹಳದಿ ಕಾಲು

ಅಹಮದಾಬಾದಿನ ವಟ್ವಾದಿಂದ ದಕ್ಷಿಣಕ್ಕೆ, ಅದೇ ಜಿಲ್ಲೆಯಲ್ಲಿರುವ ಲೋಥಲ್ ಕೋಳಿಯ ಚರಿತ್ರೆಯಲ್ಲಿ ಪದೇ ಪದೇ ಬರುವ ಹೆಸರು. ಹರಪ್ಪಾ ಕಾಲದ ಈ ಬಂದರನ್ನು 1954ರಲ್ಲಿ ಪತ್ತೆಹಚ್ಚಿದವರು ಕನ್ನಡಿಗ ಪುರಾತತ್ತ್ವಜ್ಞ ಎಸ್. ಆರ್. ರಾವ್. ಉತ್ಖನನದಲ್ಲಿ ಸಿಕ್ಕ ಪ್ರಾಣಿಗಳ ಮೂಳೆಗಳಲ್ಲಿ ಕೋಳಿಯವೂ ಇವೆಯೆಂದು ಗುರುತಿಸಲಾಯಿತು. ಕ್ರಿ.ಪೂ. 2000ರ ಸುಮಾರಿನ ಮೆಸಪಟೋಮಿಯದ ಜೇಡಿಮಣ್ಣಿನ ಫಲಕಗಳಲ್ಲಿ ‘ಮೆಲುಹ್ಹದ ಹಕ್ಕಿ’ಯ ಪ್ರಸ್ತಾಪವಿದೆ, ಮೆಲುಹ್ಹವೆಂದರೆ ಸಿಂಧೂ ಪ್ರದೇಶವೆಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇವೆರಡನ್ನೂ ಜೋಡಿಸಿ, ಕೋಳಿ ಸಾಕಣೆ ಸಿಂಧೂ ಬಯಲಲ್ಲೇ ಶುರುವಾಗಿ ಹಡಗು ಹತ್ತಿ ಪಶ್ಚಿಮಕ್ಕೆ ಹೋಯಿತೆಂದು ಬಹುಕಾಲ ನಂಬಿದ್ದರು. ಆದರೆ ಆ ಹಕ್ಕಿ ಕೋಳಿಯೇ ಆಗಿರಬೇಕೆಂದಿಲ್ಲ, ಗೌಜಲೋ ನವಿಲೋ ಆಗಿದ್ದರೂ ಆದೀತು.

ಕಾಡಿನ ನಕ್ಷೆಯೂ ಈ ಕಥೆಗೆ ಒಪ್ಪುವುದಿಲ್ಲ. ಊರ ಕೋಳಿಯ ಪೂರ್ವಜ ಕೆಂಪು ಕಾಡುಕೋಳಿಯೆಂದು ಚಾರ್ಲ್ಸ್ ಡಾರ್ವಿನ್ 1868ರಲ್ಲೇ ವಾದಿಸಿದ್ದ. ಭಾರತದಲ್ಲಿ ಅದರ ನೆಲೆ ಹಿಮಾಲಯದ ತಪ್ಪಲು, ಈಶಾನ್ಯ ಹಾಗೂ ಮಧ್ಯಭಾರತದ ಪೂರ್ವ ಭಾಗದ ಕಾಡುಗಳು. ದಕ್ಷಿಣ ಗುಜರಾತಿನ ಡಾಂಗ್ಸ್ ಕಾಡಿನಲ್ಲಿರುವುದು ಬೂದು ಕಾಡುಕೋಳಿ, ನಮ್ಮ ಮಲೆನಾಡಿನಲ್ಲಿ ಬೆಳಗಾಗುತ್ತಲೇ ಕೂಗುವ ಅದೇ ಹಕ್ಕಿ. ಹುಂಜದ ಕತ್ತಿನ ಗರಿಗಳ ತುದಿಯಲ್ಲಿ ಮೇಣದ ಹನಿ ಮೆತ್ತಿದಂಥ ಹೊಳೆಯುವ ಚುಕ್ಕೆಗಳಿರುತ್ತವೆ. ಮಣ್ಣಲ್ಲಿ ಗರಿ ಉಳಿಯದು. ಉಳಿಯುವ ಮೂಳೆ ನೋಡಿ ಸಾಕಿದ್ದೋ ಬೇಟೆಯಾಡಿದ್ದೋ ಹೇಳುವುದು ಕಷ್ಟ.

ತಳಿವಿಜ್ಞಾನ ಮೂಲವನ್ನು ಇನ್ನಷ್ಟು ಪೂರ್ವಕ್ಕೆ ಸರಿಸಿದೆ. 2020ರಲ್ಲಿ 863 ಕೋಳಿ, ಕಾಡುಕೋಳಿಗಳ ಜೀನೋಮ್ ಹೋಲಿಸಿದ ಅಧ್ಯಯನದ ಪ್ರಕಾರ, ಸಾಕುಕೋಳಿ ಹುಟ್ಟಿದ್ದು ಕೆಂಪು ಕಾಡುಕೋಳಿಯ ‘ಸ್ಪಾಡಿಸಿಯಸ್’ ಎಂಬ ಉಪಜಾತಿಯಿಂದ. ಅದರ ನೆಲೆ ನೈಋತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್. 2022ರಲ್ಲಿ 600ಕ್ಕೂ ಹೆಚ್ಚು ನೆಲೆಗಳ ಮೂಳೆಗಳನ್ನು ಮತ್ತೆ ಪರಿಶೀಲಿಸಿದವರು ಖಚಿತವಾದ ಅತಿ ಹಳೆಯ ಸಾಕುಕೋಳಿಯನ್ನು ಕಂಡದ್ದು ಥಾಯ್ಲೆಂಡಿನ ಬಾನ್ ನೋನ್ ವಾಟ್‌ನಲ್ಲಿ, ಕ್ರಿ.ಪೂ. 1650ರಿಂದ 1250ರ ನಡುವೆ. ಲೋಥಲ್ ಅದಕ್ಕಿಂತ ಹಳೆಯದು, ಹಾಗಾಗಿ ಅಲ್ಲಿಯ ಮೂಳೆ ಸಾಕುಕೋಳಿಯದೆಂದು ಖಚಿತವಾಗಿ ಹೇಳಲಾಗದು. ಭತ್ತ, ನವಣೆಯಂಥ ಧಾನ್ಯ ಬೆಳೆದ ಜಾಗಕ್ಕೆ ಕಾಳು ಹೆಕ್ಕಲು ಕಾಡುಕೋಳಿ ತಾನಾಗಿ ಬಂತು, ಕ್ರಮೇಣ ಕೇರಿಯ ಹಕ್ಕಿಯಾಯಿತು ಎಂಬುದು ಅವರ ವಿವರಣೆ. ಹಿಡಿದು ತಂದು ಪಳಗಿಸಿದರೆನ್ನುವುದಕ್ಕಿಂತ ಇದು ನಂಬುವಂತಿದೆ.

ಬೂದು ಕಾಡುಕೋಳಿಯ ಪಾಲು ಕಾಲಿನ ಬಣ್ಣದಲ್ಲಿದೆ. ಅನೇಕ ಸಾಕುತಳಿಗಳ ಹಳದಿ ಚರ್ಮಕ್ಕೆ ಕಾರಣವಾದ ಜೀನ್ ರೂಪ ಬಂದದ್ದು ಈ ಹಕ್ಕಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ತಂಡ ತೋರಿಸಿತು. ಮೇವಿನ ಹಳದಿ ವರ್ಣದ್ರವ್ಯವನ್ನು ಒಡೆಯುವ ಕಿಣ್ವ ಚರ್ಮದಲ್ಲಿ ಮಂಕಾದರೆ ಬಣ್ಣ ಅಲ್ಲೇ ಉಳಿದು ಕಾಲು ಹಳದಿಯಾಗುತ್ತದೆ. ಬೂದು ಕಾಡುಕೋಳಿ ಭಾರತ ಬಿಟ್ಟರೆ ಬೇರೆ ಕಾಡಿನಲ್ಲಿಲ್ಲ. ಹಾಗಾಗಿ ಈ ಬೆರಕೆ ನಡೆದದ್ದು ಪೂರ್ವದ ಸಾಕುಕೋಳಿ ಇಲ್ಲಿಗೆ ಬಂದ ಮೇಲೆಯೇ ಇರಬೇಕು.