ಕಷ್ಟ ಕೇಳುವುದನ್ನೂ ಕಲಿಸಬೇಕು ಎಂದ ಡಾಕ್ಟರು

ಕೊಬ್ಬರಿ ರೇಟು ನೋಡೋಣ ಎಂದು ಫೋನ್ ತೆಗೆದರೆ ಈಗ ನಡುವೆ ‘ಲೈಫ್ ಕೋಚ್’ ಜಾಹೀರಾತು ಬರುತ್ತದೆ. ಇಷ್ಟು ದುಡ್ಡು ಕಟ್ಟಿ, ನಿಮ್ಮ ಬದುಕಿಗೆ ದಾರಿ ತೋರಿಸುತ್ತೇವೆ ಎನ್ನುತ್ತಾರೆ. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಇಂಥ ಮಾತಿಗೆ ಜನ ಮನೆಯ ಹಿರಿಯರ ಹತ್ತಿರ, ಮಠಕ್ಕೆ, ಇಲ್ಲವೇ ಶಾಲೆ ಮೇಷ್ಟ್ರ ಹತ್ತಿರ ಹೋಗುತ್ತಿದ್ದರು. ಫೀಸು ತೆಗೆದುಕೊಂಡು ದಾರಿ ಹೇಳುವವರು ಹೊಸಬರು. ಇವರಿಗೆ ಕಲಿಸಿದವರು ಯಾರು?

ಲೈಫ್ ಕೋಚಿಂಗ್ ಒಂದು ವೃತ್ತಿಯಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಥಾಮಸ್ ಲಿಯೊನಾರ್ಡ್ ಎಂಬುವರು ಜನರಿಗೆ ಹಣಕಾಸಿನ ಸಲಹೆ ಕೊಡುತ್ತಿದ್ದರು. ಬಂದವರು ದುಡ್ಡಿನ ಜೊತೆಗೆ ಬದುಕಿನ ಬಗ್ಗೆಯೂ ಕೇಳತೊಡಗಿದರು. ಲಿಯೊನಾರ್ಡ್ 1992ರಲ್ಲಿ ಕೋಚ್‌ಗಳಿಗೆ ತರಬೇತಿ ಕೊಡುವ ‘ಕೋಚ್ ಯು’ ಶುರು ಮಾಡಿದರು. 1995ರಲ್ಲಿ ಕೋಚ್‌ಗಳ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿದ್ದೂ ಅವರಿಂದಲೇ. 2003ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು.

ಆದರೆ ಇನ್ನೊಬ್ಬರ ಕಷ್ಟ ಕೇಳುವುದೂ ಕಲಿತು ಮಾಡಬೇಕಾದ ಕೆಲಸ ಎಂಬುದನ್ನು ನಮ್ಮವರೊಬ್ಬರು ಅದಕ್ಕೂ ಸುಮಾರು ನಲವತ್ತು ವರ್ಷ ಮೊದಲು ಮಾಡಿ ತೋರಿಸಿದ್ದರು. ಅವರು ಡಾ. ಎಂ.ವಿ. ಗೋವಿಂದಸ್ವಾಮಿ.

ನಮ್ಮ ತಾಲ್ಲೂಕು ಮೈಸೂರು ಸಂಸ್ಥಾನದಲ್ಲಿದ್ದ ಕಾಲ ಅದು. ಮನಸ್ಸಿನ ಕಾಯಿಲೆಗೆ ಸಂಸ್ಥಾನದವರೆಲ್ಲ ಹೋಗಬೇಕಾದದ್ದು ಬೆಂಗಳೂರಿನ ಆಸ್ಪತ್ರೆಗೆ. 1925ರಲ್ಲೇ ಸರ್ಕಾರ ಅದರ ಹೆಸರಿನಿಂದ ‘ಹುಚ್ಚರ’ ಎಂಬ ಮಾತು ತೆಗೆದು ‘ಮಾನಸಿಕ ಆಸ್ಪತ್ರೆ’ ಎಂದು ಕರೆಯಿತು. ನೂರು ವರ್ಷ ಕಳೆದರೂ ನಮ್ಮ ಬಾಯಲ್ಲಿ ಇನ್ನೂ ‘ಹುಚ್ಚಾಸ್ಪತ್ರೆ’ಯೇ ಇದೆ. ಗೋವಿಂದಸ್ವಾಮಿ ವಿದೇಶದಲ್ಲಿ ಹೆಚ್ಚಿನ ತರಬೇತಿ ಪಡೆದು ಬಂದು ಈ ಆಸ್ಪತ್ರೆಯ ಮುಖ್ಯಸ್ಥರಾದರು.

1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಿತು. ಇಡೀ ದೇಶದಲ್ಲಿ ಮನೋರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. ಹಾಸಿಗೆ ಹೆಚ್ಚಿಸಿದರೂ ನೋಡಿಕೊಳ್ಳಲು ಕಲಿತವರು ಬೇಕಲ್ಲ? 1954ರಲ್ಲಿ ಆ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು.

ಅವರ ದೊಡ್ಡ ಕೆಲಸ ಇಲ್ಲಿದೆ. 1955ರಲ್ಲಿ ಡಾಕ್ಟರುಗಳಿಗೆ ಒಂದು ಡಿಪ್ಲೊಮಾ, ಮನಃಶಾಸ್ತ್ರ ಓದಿದವರಿಗೆ ಇನ್ನೊಂದು ಡಿಪ್ಲೊಮಾ ಒಟ್ಟಿಗೇ ಶುರುವಾದವು. ಆಮೇಲೆ ನರ್ಸುಗಳಿಗೂ ತರಬೇತಿ ಬಂತು. ಮಾತ್ರೆ ಬರೆಯುವವರಷ್ಟೇ ಸಾಲದು, ಕೂತು ಮಾತು ಕೇಳುವವರೂ ಬೇಕು, ಅವರೂ ಓದಿ, ರೋಗಿಗಳ ಜೊತೆ ಪಳಗಿ, ಪರೀಕ್ಷೆ ಪಾಸಾಗಿ ಬರಬೇಕು ಎಂಬುದು ಇದರ ಅರ್ಥ. ಗೋವಿಂದಸ್ವಾಮಿ 1961ರಲ್ಲಿ ತೀರಿಕೊಂಡರು. ಅವರು ಕಟ್ಟಿದ ಸಂಸ್ಥೆಯೇ 1974ರಲ್ಲಿ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು.

ಅಲ್ಲಿಂದ ಈ ವಿದ್ಯೆ ಹಳ್ಳಿ ಕಡೆ ಹೊರಟಿತು. 1970ರ ದಶಕದಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ದೊಡ್ಡದಾಗಿ ಮಾಡಿದರು. ಆ ಮಾದರಿ ನೋಡಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಕಡೆಗೂ ಹೋಯಿತು.

ಈಗ ಜಾಹೀರಾತಿನ ಮಾತಿಗೆ ಬರೋಣ. ಲೈಫ್ ಕೋಚ್ ಎಂದು ಬೋರ್ಡು ಹಾಕಲು ನಮ್ಮ ದೇಶದಲ್ಲಿ ಇಂಥದ್ದೇ ಓದಿರಬೇಕು ಎಂಬ ಕಾನೂನಿಲ್ಲ. ಹಾಗಂತ ಎಲ್ಲರೂ ಮೋಸಗಾರರಲ್ಲ. ಯಾವ ಕೆಲಸ ಹಿಡಿಯಲಿ, ಅಂಗಡಿ ಹೇಗೆ ನಡೆಸಲಿ ಎಂಬ ಮಾತಿಗೆ ಒಳ್ಳೆಯ ಕೋಚ್ ನೆರವಾಗಬಹುದು. ಆದರೆ ಬೋರ್‌ವೆಲ್ ಬತ್ತಿ, ಸಾಲ ಹೆಗಲಿಗೇರಿ, ನಿದ್ದೆ ಬಿಟ್ಟು, ‘ಇದ್ದು ಏನು ಮಾಡಲಿ’ ಎನ್ನುವ ಅಣ್ಣನಿಗೆ ಕೋಚ್ ಸಾಲುವುದಿಲ್ಲ. ಅಲ್ಲಿ ಬೇಕಾದವರು ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು. ಸೈಕಾಲಜಿಸ್ಟ್ ಎಂದವರನ್ನು ‘ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಇದೆಯಾ?’ ಎಂದು ಕೇಳಬಹುದು. ಕೇಳುವುದು ತಪ್ಪಲ್ಲ.

ದುಡ್ಡು ಕೊಡದೆಯೂ ದಾರಿ ಇದೆ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸೇವೆಗೆ ಆಧಾರ ನಿಮ್ಹಾನ್ಸ್. ಗೋವಿಂದಸ್ವಾಮಿಯವರು ಹಚ್ಚಿದ ಸಸಿಯ ಫಲ ಅದು. ತೆಂಗು ನೆಟ್ಟವರೇ ಎಳನೀರು ಕುಡಿಯಬೇಕೆಂದಿಲ್ಲವಲ್ಲ. ನಂಬರು ಫೋನಿನಲ್ಲಿ ಸೇವ್ ಮಾಡಿಕೊಂಡಿರಿ. ನಿಮಗೆ ಬೇಡದಿದ್ದರೆ ಪಕ್ಕದ ಮನೆಯವರಿಗಾದರೂ ಬೇಕಾದೀತು.